ಮೋಶಿಯ ಮನೆಯಲ್ಲಿ ಉಳಿಯಲು ಹೊರಟವರಿಗೆ

ಟಾಂಜಾನಿಯಾದ ಕಿಲಿಮಂಜಾರೋ ಬೆಟ್ಟದ ತಪ್ಪಲಿನ ಮೋಶಿ ಪಟ್ಟಣಕ್ಕೆ ಲೂಥರನ್ ಸಭೆಯ ಕೆಲಸಕ್ಕೆಂದು ಹೋಗಿ, ಅಲ್ಲಿನ ಚಗ್ಗಾ ಜನಾಂಗದ ಕುಟುಂಬವೊಂದರ ಜೊತೆ ಉಳಿದವಳು ನಾನು. ಕೋಲಾರದಿಂದ ಹೊರಡುವಾಗ ಬೈಬಲ್ ವಾಕ್ಯಗಳನ್ನು ಬಾಯಿಪಾಠ ಮಾಡಿದ್ದೆ. ಗಡಿಯಾರ ನೋಡುವುದು ಕಲಿತಿರಲಿಲ್ಲ.

ನೀವು ಮೊದಲು ಅದನ್ನೇ ಕಲಿಯಿರಿ. ಅಲ್ಲಿ ಆಡುವ ಸ್ವಾಹಿಲಿ ಭಾಷೆಯಲ್ಲಿ ಹಗಲಿನ ಎಣಿಕೆ ಬೆಳಿಗ್ಗೆ 6ರಿಂದ ಶುರು. 'ಸಾ ತಾತು' ಅಂದರೆ ಮೂರನೇ ಗಂಟೆ, ನಮ್ಮ ಲೆಕ್ಕದಲ್ಲಿ 9. ಭಾನುವಾರದ ಆರಾಧನೆ ಸಾ ತಾತುಗೆ ಅಂತ ಆ ಮನೆಯ ಅಮ್ಮ ಹೇಳಿದ್ದರು. ನಾನು ಮಧ್ಯಾಹ್ನ 3 ಅಂದುಕೊಂಡು ಆರಾಮಾಗಿ ಬಟ್ಟೆ ಒಗೆಯುತ್ತಾ ಕೂತೆ. ಮನೆಮಂದಿಯೆಲ್ಲ ಇಸ್ತ್ರಿ ಬಟ್ಟೆ ತೊಟ್ಟು ಅಂಗಳದಲ್ಲಿ ಕಾಯುತ್ತಿದ್ದರು! ಯಾರೂ ಬೈಯಲಿಲ್ಲ, ಅದೇ ಹೆಚ್ಚು ನಾಚಿಕೆ.

ಹಿರಿಯರು ಕಂಡರೆ 'ಶಿಕಮೋ' ಅಂತ ಗೌರವದಿಂದ ನಮಸ್ಕಾರ ಹೇಳಿ, 'ಮರಹಬಾ' ಅಂತ ಉತ್ತರ ಬರುವ ತನಕ ನಿಲ್ಲಿ. ಬಾಗಿಲಲ್ಲಿ 'ಹೋದಿ' (ಒಳಗೆ ಬರಲೇ) ಎಂದು ಕೂಗಿ, 'ಕರಿಬು' (ಬನ್ನಿ) ಕೇಳಿದ ಮೇಲೇ ಒಳಗೆ ಕಾಲಿಡಿ.

ಉಗಾಲಿ ನೋಡಲು ನಮ್ಮ ಮುದ್ದೆಯ ತಂಗಿ, ಆದರೆ ಮೆಕ್ಕೆಜೋಳದ್ದು. ಮುದ್ದೆಯ ಹಾಗೆ ನುಂಗಲು ಹೋಗಿ ಕೆಮ್ಮಿದೆ, ಅಗಿದು ತಿನ್ನಿ. ಬಾಳೆಕಾಯಿ, ಮಾಂಸ ಬೇಯಿಸಿ ಮಾಡುವ 'ಮ್ತೋರಿ' ಸೂಪು ಬಾಣಂತಿಯರಿಗೂ ಕೊಡುವಂಥದ್ದು. ಬಡಿಸಿದರೆ ಬೇಡ ಅನ್ನಬೇಡಿ.

ತಿಂಗಳ ಕೊನೆಗೆ ದುಡ್ಡಿನ ಕವರ್ ಕೈಗಿಡುವ ಬದಲು ಸಕ್ಕರೆ, ಸೋಪು ತಂದು ಅಡುಗೆಮನೆಯಲ್ಲಿಡಿ.