'ಟೆನ್ಶನ್ ಮಾಡ್ಕೋಬೇಡ' ಅನ್ನುವ ಬದಲು

ಸಕಲೇಶಪುರದ ಕಡೆ 13 ವರ್ಷದಿಂದ ಆಶಾ ಕೆಲಸ ಮಾಡುತ್ತಿದ್ದೇನೆ. ಬಸುರಿ ಇರುವ ಯಾವ ಮನೆಗೆ ಹೋದರೂ ಒಂದೇ ಮಾತು: "ಟೆನ್ಶನ್ ಮಾಡ್ಕೋಬೇಡ ಕಣೇ, ಮಗೂಗೆ ತೊಂದ್ರೆ." ಅವಳಿಗೆ ಅದೇ ಇನ್ನೊಂದು ಟೆನ್ಶನ್!

ಮೊದಲು ಆ ಹೆದರಿಕೆ ಕಳೆಯಿರಿ. ಒಂದು ದಿನ ಜಗಳವಾಯಿತು, ಒಂದು ರಾತ್ರಿ ಅತ್ತಳು ಅಂತ ಮಗುವಿಗೆ ಏನೂ ಆಗುವುದಿಲ್ಲ. ಚಿಂತೆಯಾದಾಗ ಮೈಯಲ್ಲಿ ಕಾರ್ಟಿಸೋಲ್ ಅನ್ನೋ ಹಾರ್ಮೋನ್ ಏರುತ್ತದೆ. ಅದರಲ್ಲಿ ಬಹುಪಾಲನ್ನು ಮಾಸು ತಡೆಯುತ್ತದೆ. ಹೆರಿಗೆಯಾದ ಮೇಲೆ ಹೂಳುತ್ತೇವಲ್ಲ, ಅದೇ ಮಾಸು. ಕಷ್ಟ ಇರುವುದು ತಿಂಗಳುಗಟ್ಟಲೆ ಬಿಡದ ಒತ್ತಡದಲ್ಲಿ. ಆಗ ದಿನ ತುಂಬುವ ಮೊದಲೇ ಹೆರಿಗೆಯಾಗುವ, ಕೂಸಿನ ತೂಕ ಕಡಿಮೆಯಾಗುವ ಸಾಧ್ಯತೆ ಜಾಸ್ತಿ. 1998ರ ಜನವರಿಯಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಮಳೆನೀರು ಕರೆಂಟ್ ತಂತಿಗಳ ಮೇಲೆ ಮಂಜುಗಡ್ಡೆಯಾಗಿ ಕಟ್ಟಿ, ಎಷ್ಟೋ ಮನೆಗಳಲ್ಲಿ ವಾರಗಟ್ಟಲೆ ಕರೆಂಟ್ ಇರಲಿಲ್ಲ. ಆಗ ಬಸುರಿಯಾಗಿದ್ದು ಹೆಚ್ಚು ಕಷ್ಟಪಟ್ಟವರ ಮಕ್ಕಳು 2 ವರ್ಷಕ್ಕೆ ಮಾತಿನಲ್ಲಿ ಸ್ವಲ್ಪ ಹಿಂದಿದ್ದರಂತೆ. (ಮಳೆಗಾಲದಲ್ಲಿ ನಮ್ಮೂರ ಕರೆಂಟ್ ಕಥೆ ಹೇಳುವುದೇ ಬೇಡ.)

ಚಿಂತೆ ಏನು ಅಂತ ಕೇಳಿ. ಅತ್ತೆ ಎದುರಿಗಲ್ಲ, ಅವಳೊಬ್ಬಳೇ ಇದ್ದಾಗ. ಹೋದ ವರ್ಷ ಎಸ್ಟೇಟ್ ಲೈನ್ ಮನೆಯ ಹುಡುಗಿಯೊಬ್ಬಳಿಗೆ 7 ತಿಂಗಳು, ನಿದ್ದೆಯೇ ಇಲ್ಲ. ಮನೆಯಲ್ಲಿ ಕೇಳಿದರೆ "ಏನಿಲ್ಲಕ್ಕ." ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂತು ಕೇಳಿದಾಗ ಬಾಯಿ ಬಿಟ್ಟಳು. ಗಂಡ ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ನಡೆದು ಬರುತ್ತಾನೆ, ಆನೆ ಭಯ. ರಾತ್ರಿ ನೋವು ಬಂದರೆ ಜೀಪ್ ಯಾರು ಕೊಡ್ತಾರೆ ಅನ್ನೋದು ಇನ್ನೊಂದು. ಮೇಸ್ತ್ರಿಗೆ ಹೇಳಿ ಅವನನ್ನು ಬೆಳಕಿರುವಾಗಲೇ ಬಿಡಿಸಿದೆವು. ಜೀಪಿನವನನ್ನು ಒಪ್ಪಿಸಿ, ಅವನ ನಂಬರನ್ನೂ 108ನ್ನೂ ತಾಯಿ ಕಾರ್ಡಿನ ಮೇಲೆ ಬರೆದುಕೊಟ್ಟೆ. ವಾರದೊಳಗೆ ನಿದ್ದೆ ಬಂತು. ಸುಮ್ನೆ ಧ್ಯಾನ ಮಾಡು ಅಂದಿದ್ದರೆ ಆನೆ ದಾರಿ ಬಿಡುತ್ತಿತ್ತಾ?

ಎರಡು ವಾರವಾದರೂ ಬೇಸರ ಹೋಗದಿದ್ದರೆ, ಊಟ ಸೇರದಿದ್ದರೆ ಡಾಕ್ಟರಿಗೆ ತೋರಿಸಿ. "ಬದುಕಿ ಏನು ಮಾಡ್ಲಿ" ಅಂದರೆ ಅವತ್ತೇ ಕರೆದುಕೊಂಡು ಹೋಗಿ. ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಗಂಡ ಹೊಡೆಯುತ್ತಿದ್ದರೆ ಅದನ್ನು ಸಂಸಾರದ ವಿಷಯ ಅನ್ನಬೇಡಿ, ಮಹಿಳಾ ಸಹಾಯವಾಣಿ 181ಕ್ಕೆ ಹೇಳಿ.

ಬಸುರಲ್ಲಿ ಕಷ್ಟ ಪಟ್ಟಾಗಿದೆ, ಇನ್ನೇನು ಮಾಡೋದು ಅಂತ ಕೊರಗುವವರೂ ಇದ್ದಾರೆ. ಹುಟ್ಟಿದ ಮೇಲೂ ಮಗುವಿನ ಮೆದುಳು ಬೆಳೆಯುತ್ತಲೇ ಇರುತ್ತದೆ. ಎತ್ತಿಕೊಳ್ಳಿ, ಮಾತಾಡಿಸಿ. ಆ ಲೈನ್ ಮನೆಯ ಅಜ್ಜಿ ಸೊಪ್ಪು ಬಿಡಿಸುತ್ತಾ ಮೊಮ್ಮಗಳಿಗೆ ಊರಿನ ಸುದ್ದಿಯೆಲ್ಲಾ ಹೇಳುತ್ತಾಳೆ. 8 ತಿಂಗಳ ಕೂಸು ತಿರುಗಿ ಜಗಳಕ್ಕೇ ನಿಲ್ಲುತ್ತದೆ.