ಸೈಲೆನ್ಸರ್ ಬದಲಿಸುವ ಮುಂಚೆ ಸ್ವಲ್ಪ ನೋಡಿ

ತುಮಕೂರಿನ ಗೆಳೆಯರೇ, 2020ರ ಏಪ್ರಿಲ್ ನಂತರ ಕೊಂಡ ಬಿಎಸ್ 6 (ಹೊಸ ಹೊಗೆ ನಿಯಮದ) ಪೆಟ್ರೋಲ್ ಗಾಡಿ ಇದ್ದರೆ ಇದನ್ನು ಓದಿ. ಕಳೆದ ವರ್ಷ ನಾನು ಬಿ.ಎಚ್. ರಸ್ತೆ ಕಡೆ ಕಡಿಮೆ ಬೆಲೆಯ ಸೈಲೆನ್ಸರ್ ಹಾಕಿಸಿದೆ. ಒಳಗೆ ಹೊಗೆಯ ವಿಷಾನಿಲ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರೇ ಇರಲಿಲ್ಲ! ಎಂಜಿನ್ ಎಚ್ಚರಿಕೆ ಲೈಟ್ ಹತ್ತಿತು, ಹೊಗೆ ತಪಾಸಣೆಯಲ್ಲೂ ಫೇಲ್. ತುಂಬಾ ಬೇಜಾರಾಯಿತು.

ಕನ್ವರ್ಟರ್ ಒಳಗೆ ಜೇನುಗೂಡಿನಂಥ ತುಂಡು ಇರುತ್ತದೆ. ಅದಕ್ಕೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪ. ದುಬಾರಿ ಆಗೋದು ಅದಕ್ಕೇ. ಹಾಗಾಗಿ ಹಳೆಯದನ್ನು ಸುಮ್ನೆ ಬಿಟ್ಟು ಬರಬೇಡಿ, ಕೇಳಿ ವಾಪಸ್ ತಗೊಳ್ಳಿ. ಹೊಸದರಲ್ಲಿ ಕನ್ವರ್ಟರ್ ಇದೆ ಅಂತ ಬಿಲ್‌ನಲ್ಲಿ ಬರೆಸಿ.

ಲೈಟ್ ಹತ್ತಿದ ತಕ್ಷಣ ಕನ್ವರ್ಟರ್ ಹೋಯಿತು ಅಂದುಕೊಳ್ಳಬೇಡಿ. ಮೊದಲು ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿನ ಆಮ್ಲಜನಕ ಅಳೆಯೋದು), ಗ್ಯಾಸ್ಕೆಟ್ (ಪೈಪ್ ಜೋಡಣೆಯ ಸೀಲ್) ಸೋರಿಕೆ ನೋಡಿಸಿ. ಸ್ಪಾರ್ಕ್ ಪ್ಲಗ್ ಕೆಟ್ಟು ಮಿಸ್‌ಫೈರ್ (ಪೆಟ್ರೋಲ್ ಸರಿಯಾಗಿ ಉರಿಯದಿರೋದು) ಆಗ್ತಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಇಲ್ಲದಿದ್ದರೆ ಉರಿಯದ ಪೆಟ್ರೋಲ್ ಒಳಗೆ ಹೋಗಿ ಹೊಸ ಕನ್ವರ್ಟರನ್ನೂ ಸುಟ್ಟುಬಿಡುತ್ತದೆ.