ಮರದ ಚೌಕಟ್ಟು ಕಟ್ಟುವ ಹೊಸಬರಿಗೆ ಉಳಿ ಮತ್ತು ಕೈಹತ್ಯಾರುಗಳ ಆಯ್ಕೆ

ಮೊಳೆ, ಬೋಲ್ಟುಗಳ ಹಂಗಿಲ್ಲದೆ, ತೊಲೆಯ ತುದಿಯಲ್ಲಿ ಬಿಡಿಸಿದ ನಾಲಿಗೆಯನ್ನು ಕಂಬದಲ್ಲಿ ಕೊರೆದ ಕಿಂಡಿಗೆ ಕೂಡಿಸಿ, ಅಡ್ಡಲಾಗಿ ಮರದ ಗೂಟ ಬಡಿದು ನಿಲ್ಲಿಸುವ ಚೌಕಟ್ಟಿನ ಕೆಲಸವನ್ನು ಕಲಿಯಹೊರಟವರು ಹತ್ಯಾರಿನ ಅಂಗಡಿಗೆ ಹೋಗುವ ಮೊದಲು ಆ ನಾಲಿಗೆಯ ದಪ್ಪವನ್ನು ನಿಶ್ಚಯಿಸಿಕೊಳ್ಳಬೇಕು. ಅಮೆರಿಕದ ಚೌಕಟ್ಟು ಕೆಲಸದಲ್ಲಿ ಪೈನ್‌ನಂಥ ಮೆದು ಮರಕ್ಕೆ 2 ಅಂಗುಲ, ಓಕ್‌ನಂಥ ಗಟ್ಟಿ ಮರಕ್ಕೆ 1.5 ಅಂಗುಲ ದಪ್ಪ ಇಡುವುದು ಸಾಮಾನ್ಯ ರೂಢಿ. ಅಲ್ಲಿನ ಉಕ್ಕಿನ ದೊಡ್ಡ ಮೂಲೆಮಟ್ಟದ ಉದ್ದ ತೋಳು 24 ಅಂಗುಲ ಉದ್ದ, 2 ಅಂಗುಲ ಅಗಲವಿದ್ದರೆ, ಗಿಡ್ಡ ತೋಳು 16 ಅಂಗುಲ ಉದ್ದ, 1.5 ಅಂಗುಲ ಅಗಲವಿರುತ್ತದೆ. ತೋಳನ್ನು ಮರದ ಮೇಲಿಟ್ಟು ಎರಡೂ ಅಂಚಿಗೆ ಗೆರೆ ಎಳೆದರೆ ಕಿಂಡಿಯ ಅಗಲ ತಾನಾಗಿ ಮೂಡುತ್ತದೆ. ಹಾಗಾಗಿ ಕೊಳ್ಳಬೇಕಾದ ಮೊದಲ ವಸ್ತು ಉಳಿಯಲ್ಲ, ಈ ಮೂಲೆಮಟ್ಟ.

ಉಳಿಯ ವಿಷಯದಲ್ಲಿ ಹೊಸಬರು ಮಾಡುವ ತಪ್ಪನ್ನು ನಾನೂ ಮಾಡಿದ್ದೇನೆ. ಪ್ಲಾಸ್ಟಿಕ್ ಹಿಡಿಯ ಆರು ಉಳಿಗಳ ಸೆಟ್ಟೊಂದನ್ನು ತಂದು, ಮೂರು ಅಂಗುಲ ಇಳಿಯುವಷ್ಟರಲ್ಲಿ ಹಿಡಿಯೇ ಕಿಂಡಿಯ ಬಾಯಿಗೆ ತಾಗುತ್ತಿದ್ದುದನ್ನು ಕಂಡ ಮೇಲೆಯೇ, ಬಾಗಿಲು-ಕಿಟಕಿಯ ಉಳಿ ಬೇರೆ, ತೊಲೆಯ ಉಳಿ ಬೇರೆ ಎಂಬುದು ಅರ್ಥವಾಯಿತು. ಕಿಂಡಿಯು ನಾಲ್ಕು ಅಂಗುಲ ಅಥವಾ ಅದಕ್ಕೂ ಹೆಚ್ಚು ಆಳವಿರುವುದರಿಂದ, ಹಿಡಿ ಸೇರಿ ಸುಮಾರು 15 ಅಂಗುಲ ಉದ್ದವಿರುವ, ಅಲಗು ದಪ್ಪನಾಗಿರುವ ಉಳಿಯೇ ಬೇಕು. ಹಣಕ್ಕೆ ಮಿತಿಯಿದ್ದರೆ 1.5 ಅಂಗುಲದ್ದೊಂದೇ ಸಾಕು, ಏಕೆಂದರೆ 2 ಅಂಗುಲದ ಕಿಂಡಿಯನ್ನೂ ಅದರಿಂದ ಸವರಬಹುದು, ಆದರೆ 2 ಅಂಗುಲದ ಉಳಿಯು 1.5 ಅಂಗುಲದ ಕಿಂಡಿಯೊಳಗೆ ಅಡ್ಡಲಾಗಿ ಇಳಿಯುವುದೇ ಇಲ್ಲ. ಮರದ ಹಿಡಿಯು ಉಕ್ಕಿನ ಕೊಳವೆಯೊಳಗೆ ಕೂರುವ ಬಗೆಯದು ಉತ್ತಮ. ಪೆಟ್ಟು ಬಿದ್ದಷ್ಟೂ ಹಿಡಿ ಬಿಗಿಯಾಗುತ್ತದೆ, ಒಡೆದರೆ ಬೇರೊಂದನ್ನು ಮನೆಯಲ್ಲೇ ಕೆತ್ತಿಕೊಳ್ಳಬಹುದು.

ಹಳೆಯ ಉಳಿ ಸಿಕ್ಕರೆ ಬಿಡಬೇಡಿ, ಆದರೆ ಪರೀಕ್ಷಿಸದೆ ಕೊಳ್ಳಬೇಡಿ. ಮೊದಲು ಬೆನ್ನಿನ, ಅಂದರೆ ಓರೆಯಿಲ್ಲದ ಚಪ್ಪಟೆ ಮುಖದ ಮೇಲೆ ಉಕ್ಕಿನ ಅಳತೆಕೋಲನ್ನು ನಿಲ್ಲಿಸಿ ಬೆಳಕಿಗೆ ಹಿಡಿಯಬೇಕು; ಬೆನ್ನು ಬಿಲ್ಲಿನಂತೆ ಉಬ್ಬಿದ್ದರೆ ಕಿಂಡಿಯ ಗೋಡೆ ನೇರವಾಗಿ ಬರುವುದಿಲ್ಲ. ಬಾಯಿಯ ಹತ್ತಿರ ಬೆನ್ನಿನಲ್ಲಿ ತುಕ್ಕು ಆಳವಾದ ಗುಳಿ ಮಾಡಿದ್ದರೆ, ಎಷ್ಟೇ ಮಸೆದರೂ ಅಂಚು ಕಚ್ಚುಕಚ್ಚಾಗಿಯೇ ಉಳಿಯುತ್ತದೆ. ಅಂಚು ನೀಲಿಗಟ್ಟಿದ್ದರೆ ಯಾರೋ ಯಂತ್ರದ ಸಾಣೆಯಲ್ಲಿ ಅದನ್ನು ಸುಟ್ಟು ಹದ ಕೆಡಿಸಿದ್ದಾರೆ ಎಂದು ತಿಳಿಯಬೇಕು. ನಮ್ಮಲ್ಲಿ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಕುಲುಮೆಯಲ್ಲಿ ಉಳಿ ಮಾಡಿಸುವ ದಾರಿಯೂ ಇದೆ. ಹದ ಹಾಕುವುದನ್ನು ಬಲ್ಲ ಕಮ್ಮಾರರಿದ್ದರೆ ಅಂಥ ಉಳಿಯನ್ನು ಹಗುರವಾಗಿ ಕಾಣಬೇಕಿಲ್ಲ.

ಉಳಿಗೆ ಕಬ್ಬಿಣದ ಸುತ್ತಿಗೆಯ ಪೆಟ್ಟು ಕೊಡಬಾರದು. ಸುಮಾರು ಒಂದರಿಂದ ಒಂದೂವರೆ ಕಿಲೋ ತೂಕದ, ಗಟ್ಟಿ ಮರದ ಕೊಡತಿ ಸಾಕು. ಅದಕ್ಕಿಂತ ಭಾರವಾದದ್ದು ಮಧ್ಯಾಹ್ನದ ಹೊತ್ತಿಗೆ ಮಣಿಕಟ್ಟನ್ನು ಸೋಲಿಸುತ್ತದೆ.

ಇಡೀ ಕಿಂಡಿಯನ್ನು ಉಳಿಯಿಂದಲೇ ತೋಡುವುದು ವ್ಯರ್ಥ ಶ್ರಮ. ಕಿಂಡಿಯ ಅಗಲದಷ್ಟೇ ವ್ಯಾಸದ ಬೈರಿಗೆಯಿಂದ ಸಾಲಾಗಿ ತೂತು ಕೊರೆದು, ನಡುವೆ ಉಳಿದ ಮರವನ್ನು ಮಾತ್ರ ಉಳಿಯಿಂದ ತೆಗೆಯಬೇಕು. ನಿಧಾನವಾಗಿ ತಿರುಗುವ ವಿದ್ಯುತ್ ಡ್ರಿಲ್ ಬಳಸಿದರೂ ತಪ್ಪಿಲ್ಲ. ಗೂಟದ ತೂತಿಗೆ 1 ಅಂಗುಲದ್ದು, ಕಂಬ-ತೊಲೆಗಳ ಮೂಲೆಗೆ ಓರೆಯಾಗಿ ಆಸರೆ ಕೊಡುವ ಓರೆಗಾಲುಗಳ ಗೂಟಕ್ಕೆ ಮುಕ್ಕಾಲು ಅಂಗುಲದ್ದು ಇದ್ದರೆ ಚಿಕ್ಕ ಕೊಟ್ಟಿಗೆಯೊಂದರ ಕೆಲಸ ಮುಗಿಯುತ್ತದೆ. ಗರಗಸಗಳು ಎರಡು ಬೇಕು: ನಾಲಿಗೆಯ ಭುಜವನ್ನು, ಅಂದರೆ ಅದರ ಬುಡದ ಮೆಟ್ಟಿಲನ್ನು ಅಡ್ಡ ಕೊಯ್ಯಲು ಒಂದು, ಎಳೆಯ ಉದ್ದಕ್ಕೆ ಸೀಳಲು ಇನ್ನೊಂದು.

ಉಳಿಯ ಬೆಲೆಯ ಜೊತೆಗೇ ಸಾಣೆಕಲ್ಲಿನ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಲ್ಲಿನ ಸಂಖ್ಯೆ ಹೆಚ್ಚಿದಷ್ಟೂ ಅದರ ಕಣ ನಯ; 1000ರ ಕಲ್ಲಿನಲ್ಲಿ ಅಂಚು ತಂದು, 4000 ಅಥವಾ 6000ದ ಕಲ್ಲಿನಲ್ಲಿ ನಯಗೊಳಿಸಿದರೆ ಸಾಕಾಗುತ್ತದೆ. ಪೈನ್, ದೇವದಾರುಗಳಿಗೆ ಉಳಿಯ ಅಂಚಿಗೆ 25 ಡಿಗ್ರಿಯ ಓರೆ ಸರಿ. ಹೊನ್ನೆ, ಮತ್ತಿಗಳಂಥ ಗಟ್ಟಿ ಮರಗಳಿಗೆ ಅದು ತೆಳುವಾಗಿ ಅಂಚು ಮುರಿಯುವುದರಿಂದ 30 ಡಿಗ್ರಿ ಇಡಬೇಕು. ಸಾಗುವಾನಿ ಕೆತ್ತಲು ಹಿತವೆನಿಸಿದರೂ ಅದರೊಳಗಿನ ಸಿಲಿಕಾ ಅಂಚನ್ನು ಬೇಗ ಮೊಂಡಾಗಿಸುತ್ತದೆ, ಆದ್ದರಿಂದ ಕಲ್ಲು ಕೈಗೆಟುಕುವಲ್ಲೇ ಇರಲಿ.

ಮೂರು ಅಂಗುಲ ಅಗಲದ, ಎರಡೂವರೆ ಅಡಿ ಉದ್ದದ, ಕೊಡತಿ ತಾಗಿಸದೆ ಭುಜದ ಬಲದಿಂದ ನೂಕುವ ದೊಡ್ಡ ಉಳಿಯನ್ನೂ, ಕಿಂಡಿಯ ಮೂಲೆಗೆಂದೇ ಇರುವ ಎಲ್ ಆಕಾರದ ಉಳಿಯನ್ನೂ ಸದ್ಯಕ್ಕೆ ಮರೆಯಬಹುದು. ಮೊದಲನೆಯದು ಎರಡನೇ ಕಟ್ಟಡಕ್ಕೆ ಬೇಕಾದೀತು. ಎರಡನೆಯದನ್ನು ಮಸೆಯುವ ಕಷ್ಟ ಕಂಡವರು ಮೂಲೆಗೂ 1.5 ಅಂಗುಲದ ಉಳಿಯನ್ನೇ ಹಿಡಿಯುತ್ತಾರೆ.